ಕತ್ತಿಯ ಬೆನ್ನು ಸವೆಸಿದ ಕೈ

"ಇದೇನಮ್ಮಾ ಇದು? ಕತ್ತಿ ಮಸೆದು ಕೊಡು ಅಂದ್ರೆ ಅದರ ಚರ್ಮ ಸುಲಿದು ಕಳಿಸಿದ್ದೀಯಲ್ಲ!"

ಸಲೂನಿನ ಯಜಮಾನ ಮೂರು ಕುರ್ಚಿಯಲ್ಲಿ ಕೂತಿದ್ದ ಮೂರು ಗಿರಾಕಿಗಳ ಎದುರೇ ಹೀಗೆ ಕೂಗಿಬಿಟ್ಟ. ಬೀದಿಯ ಸಲೂನುಗಳ ಕತ್ತಿಯನ್ನೆಲ್ಲ ಮಸೆದುಕೊಟ್ಟು 'ಮಸೆಯೋ ಅಕ್ಕ' ಅನ್ನಿಸಿಕೊಂಡಿದ್ದವಳ ಕಿವಿ ಕೆಂಡವಾಯಿತು. ಮೂರನೇ ಕುರ್ಚಿಯ ಹಿಂದೆ ನಿಂತು ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತಿದ್ದವನು ಅವಳ ಸ್ವಂತ ಗಂಡ. ಲೋಕದ ಕಷ್ಟವೆಲ್ಲ ಆ ಗಲ್ಲದಲ್ಲೇ ಇದೆ ಅನ್ನೋ ಹಾಗೆ ಅವನು ತಲೆ ಬಗ್ಗಿಸಿದವನು ಎತ್ತಲಿಲ್ಲ.

ಅವಳು ಕತ್ತಿಯನ್ನು ಕೈಗೆ ತಗೊಂಡು ಬಾಗಿಲ ಬೆಳಕಿಗೆ ಹಿಡಿದಳು. ಅದು ದಿನಾ ಕೆಲಸ ಮಾಡುವ ಕತ್ತಿಯಲ್ಲ. ಯಜಮಾನನ ಸೋದರಮಾವನದು; ಆತ ತೀರಿಕೊಂಡ ಮೇಲೆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದು. ಹಳದಿ ಕೊಂಬಿನ ಹಿಡಿ, ಬೆನ್ನಿನ ಎರಡೂ ಮಗ್ಗುಲಿಗೆ ಚಿನ್ನದ ನೀರಿನಲ್ಲಿ ಬಿಡಿಸಿದ ಎಲೆಬಳ್ಳಿ. ಭಾನುವಾರ ಕನ್ನಡಿ ಮುಂದೆ ಕೂತು ತನ್ನ ಗಡ್ಡವನ್ನು ತಾನೇ ಇದರಲ್ಲಿ ಹೆರೆದುಕೊಳ್ಳಬೇಕು ಅಂತ ಯಜಮಾನನ ಆಸೆ. ಈಗ ನೋಡಿದರೆ ಬಳ್ಳಿಯ ನಡುವಿನ ಎಲೆಗಳೇ ಇಲ್ಲ. ಬೆನ್ನಿನುದ್ದಕ್ಕೂ ಎರಡೂ ಕಡೆ ಸಪಾಟಾದ ಬಿಳಿ ಪಟ್ಟಿ, ಹೊಸ ತಗಡಿನ ಹಾಗೆ ಫಳಫಳ ಅನ್ನುತ್ತಿತ್ತು.

"ಇದು ನನ್ನ ಕೈಯಲ್ಲಿ ಆಗಿದ್ದಲ್ಲ," ಅಂದಳು.

"ಮತ್ತೆ ಬೆಕ್ಕು ನೆಕ್ಕಿತಾ?"

"ಟೇಪು ಹಾಕದೆ ನಾನು ಕಲ್ಲು ಮುಟ್ಟೋದಿಲ್ಲ ಅಂತ ಬೀದಿಗೇ ಗೊತ್ತು. ನೀವೇ ಆಸೆ ತಡೆಯೋಕಾಗದೆ ಸಲೂನಿನ ಕಲ್ಲಿಗೆ ಎರಡು ಸಲ ಎಳೆದಿರಬೇಕು. ನಿಮ್ಮನ್ನ ಯಾರು ಕಂಡಿದ್ದಾರೆ?"

ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿ ಕಿಸಕ್ಕನೆ ನಕ್ಕ. ಯಜಮಾನನ ಮುಖ ಕಪ್ಪಿಟ್ಟಿತು.

"ನೋಡಮ್ಮಾ, ಬೆಳಿಗ್ಗೆ ನಿನ್ನ ಗಂಡ ತಂದುಕೊಟ್ಟ, ಇಲ್ಲೇ ಎಲ್ಲರ ಎದುರು ಬಟ್ಟೆ ಬಿಚ್ಚಿದ್ದೀನಿ. ಅಂಚು ಮುಟ್ಟಿಯೂ ನೋಡಿಲ್ಲ. ಶನಿವಾರದವರೆಗೆ ಟೈಮು ಕೊಡ್ತೀನಿ. ಯಾರು ಮಾಡಿದ್ದು ಅಂತ ಹೇಳು. ನೀನೇ ಆದ್ರೆ ನೀನೇ ಅನ್ನು. ಇಲ್ಲದಿದ್ರೆ ನನ್ನ ಸಲೂನಿನ ಕತ್ತಿಗಳೆಲ್ಲ ಆ ಸಾಣೆ ಚಕ್ರದವನಿಗೆ ಹೋಗುತ್ವೆ. ನನ್ನದು ಹೋದ ಮೇಲೆ ಈ ಬೀದೀಲಿ ಇನ್ಯಾರದು ನಿಲ್ಲುತ್ತೆ, ನೀನೇ ಲೆಕ್ಕ ಹಾಕು."

ಅವತ್ತು ಬುಧವಾರ.

ಟೇಪಿನ ವಿಷಯ ಇಷ್ಟೇ. ಕ್ಷೌರದ ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಿದರೆ ಕಲ್ಲಿಗೆ ತಾಗುವುದು ಎರಡೇ ಜಾಗ, ದಪ್ಪನೆಯ ಬೆನ್ನು ಮತ್ತು ತೆಳ್ಳನೆಯ ಅಂಚು. ನಡುವಿನದು ಹೊಟ್ಟೆ ಒಳಕ್ಕೆಳೆದುಕೊಂಡವರ ಹಾಗೆ ಕಲ್ಲಿಗೆ ತಾಗದೆ ನಿಂತಿರುತ್ತದೆ. ಅಂಚು ಹರಿತವಾಗಲಿ ಅಂತ ಎಳೆದಷ್ಟೂ ಬೆನ್ನೂ ಸವೆಯುತ್ತದೆ. ಅದಕ್ಕೇ ಮಸೆಯುವ ಮೊದಲು ಬೆನ್ನಿನ ಮೇಲೆ ಕರೆಂಟು ವೈರಿಗೆ ಸುತ್ತುವ ಟೇಪನ್ನು ಉದ್ದಕ್ಕೆ ಒಂದು ಪದರ ಅಂಟಿಸಬೇಕು. ಒಂದು ಕತ್ತಿಗೆ ಒಂದು ತುಂಡು, ಮುಗಿದ ಮೇಲೆ ಕಿತ್ತು ಬಿಸಾಡಬೇಕು. ಸವೆದರೆ ಟೇಪು ಸವೆಯಲಿ, ಉಕ್ಕು ಉಳಿಯಲಿ.

ನಾಲ್ಕು ವರ್ಷದ ಹಿಂದೆ ಅವಳು ಇದನ್ನು ಶುರು ಮಾಡಿದಾಗ ಮನೆಯಲ್ಲಿ ದೊಡ್ಡ ರಂಪವಾಗಿತ್ತು. ಅವಳಿಗೆ ಕೆಲಸ ಕಲಿಸಿದವರು ಗಂಡನ ಅಪ್ಪ. ಮಗನಿಗೆ ಕಲ್ಲಿನ ಮುಂದೆ ಕೂರುವ ತಾಳ್ಮೆ ಇಲ್ಲ ಅಂತ ಸೊಸೆಯನ್ನು ಕೂರಿಸಿಕೊಂಡು ಕಲಿಸಿದ್ದರು. ಕಣ್ಣಿಗೆ ಪೊರೆ ಬಂದು ಕೈ ನಡುಗತೊಡಗಿದ ಮೇಲೆ ಕಲ್ಲನ್ನೇ ಅವಳ ಕಡೆಗೆ ತಳ್ಳಿದ್ದರು. ಆದರೆ ಟೇಪು ಕಂಡಾಗ ಕೂತಲ್ಲಿಂದ ಎದ್ದೇಬಿಟ್ಟಿದ್ದರು.

"ಬೆನ್ನೂ ಅಂಚೂ ಗಂಡ ಹೆಂಡತಿ ಇದ್ದ ಹಾಗೆ, ಜೊತೇಲೇ ಸವೀಬೇಕು. ಒಬ್ಬರನ್ನ ಹೊದಿಕೆ ಒಳಗೆ ಬೆಚ್ಚಗೆ ಮಲಗಿಸಿ ಇನ್ನೊಬ್ಬರನ್ನ ಕಲ್ಲಿಗೆ ಉಜ್ಜಿದ್ರೆ ಅದು ಸಂಸಾರವಾ?"

"ನಿಮ್ಮ ಮಗನ್ನ ನೋಡಿದ್ರೆ ಸಂಸಾರ ಹಾಗೇ ನಡೆಯೋದು ಮಾವ," ಅಂತ ಅವಳೂ ಬಿಟ್ಟಿರಲಿಲ್ಲ. ಮೂರು ದಿನ ಜಗಳ. ನಾಲ್ಕನೇ ದಿನ ಮುದುಕ ಸುಮ್ಮನಾದರು. ಮತ್ತೆ ಆ ಮಾತೇ ಎತ್ತಲಿಲ್ಲ. ಒಪ್ಪಿಕೊಂಡರು ಅಂದುಕೊಂಡಿದ್ದಳು.

ಮನೆಗೆ ಬರುವ ದಾರಿಯಲ್ಲಿ ಅವಳ ತಲೆಯೊಳಗೆ ಹುಳ ಕೊರೆಯತೊಡಗಿತು. ಮಂಗಳವಾರ ಬೆಳಿಗ್ಗೆ ತಾನೇ ಮಸೆದದ್ದು. ಟೇಪು ಕಿತ್ತಾಗ ಬಳ್ಳಿ ಒಂದೆಲೆ ಬಿಡದೆ ಇತ್ತು, ಕಣ್ಣಾರೆ ನೋಡಿದ್ದಳು. ಮಡಚಿ ಡಬ್ಬಿಗೆ ಹಾಕಿದಳು. ಮಧ್ಯಾಹ್ನ ಬೇರೆ ಅಂಗಡಿಗಳ ಕತ್ತಿ ಕೊಡಲು ಹೋಗಿ ಎರಡು ಗಂಟೆ ಬಿಟ್ಟು ಬಂದಳು. ಬಂದವಳು ಬಿಚ್ಚಿ ನೋಡಲಿಲ್ಲ, ಬಟ್ಟೆ ಸುತ್ತಿ ಇಟ್ಟಳು. ಬುಧವಾರ ಬೆಳಿಗ್ಗೆ ಗಂಡನ ಕೈಗೆ ಕೊಟ್ಟಳು. ಬಿಚ್ಚಿ ನೋಡದ್ದೇ ತಪ್ಪು. ತಪ್ಪು ತನ್ನದು ಅಂತ ಗೊತ್ತಾದಷ್ಟೂ ಕೋಪ ಬೇರೆಯವರ ಮೇಲೆ ಏರುವುದು ಅವಳ ಜಾಯಮಾನ.

ಮಧ್ಯಾಹ್ನ ಗಂಡ ಊಟಕ್ಕೆ ಬಂದ. ತಟ್ಟೆ ಇಟ್ಟಳು, ಬಡಿಸಲಿಲ್ಲ.

"ರೀ, ಬೆಳಿಗ್ಗೆ ದಾರೀಲಿ ಎಲ್ಲಿ ನಿಂತಿದ್ರಿ?"

"ಎಲ್ಲೂ ಇಲ್ಲ."

"ಚಕ್ರದವನ ಅಂಗಡಿ ಮುಂದೆ?"

"ಏನೋ... ಒಂದು ಮಾತಾಡಿದೆ. ಕತ್ತಿ ಜೇಬಲ್ಲೇ ಇತ್ತು."

"ಮತ್ತೆ ಎಲ್ಲೂ ಇಲ್ಲ ಅಂದ್ರಿ!"

"ಅಯ್ಯೋ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಳ್ಳೋನಲ್ಲ ಕಣೇ ನಾನು. ಮೊದಲು ಅನ್ನ ಹಾಕು."

ಬಡಿಸಿದಳು. ಆದರೆ ಒಂದು ಸಂಗತಿ ಗಮನಿಸಿದಳು. ಮಂಗಳವಾರ ಮಧ್ಯಾಹ್ನ ಮನೆಗೆ ಯಾರು ಬಂದಿದ್ದರು ಅಂತ ಕೇಳಿದಾಗ ಗಂಡ ಗೋಡೆ ನೋಡಿದ. ಗೋಡೆಯಲ್ಲಿ ಏನೂ ಇರಲಿಲ್ಲ.

ಒಳಕೋಣೆಯಿಂದ ಮಾವನೇ ಉತ್ತರ ಕೊಟ್ಟರು. "ಚಕ್ರದವನು ಬಂದಿದ್ದ. ಒಂದು ಗಳಿಗೆ ಕೂತು ಹರಟೆ ಹೊಡೆದು ಹೋದ."

ಅಷ್ಟು ಸಾಕಾಯಿತು. ಚಕ್ರದವನು ಎದುರು ಸಾಲಿನಲ್ಲಿ ಮೋಟಾರಿನ ಚಕ್ರ ಇಟ್ಟುಕೊಂಡು ಕತ್ತರಿ, ಚಾಕು ಸಾಣೆ ಹಿಡಿದು ಕೊಡುವವನು. ಕ್ಷೌರದ ಕತ್ತಿ ಅವನ ಚಕ್ರಕ್ಕೆ ಸಿಕ್ಕರೆ ಇಲಿ ಬೆಕ್ಕಿನ ಬಾಯಿಗೆ ಸಿಕ್ಕ ಹಾಗೆ. ಆದರೂ ಆ ಕೆಲಸದ ಮೇಲೆ ಅವನಿಗೆ ಕಣ್ಣಿದೆ ಅಂತ ಅವಳಿಗೆ ಮೊದಲಿನಿಂದಲೂ ಗುಮಾನಿ. ಸೆರಗು ಸಿಕ್ಕಿಸಿಕೊಂಡು ಬೀದಿ ದಾಟಿದಳು.

"ಏನಯ್ಯಾ, ಮುದುಕರನ್ನ ಮಾತಾಡಿಸೋ ನೆಪದಲ್ಲಿ ನನ್ನ ಡಬ್ಬಿಗೆ ಕೈ ಹಾಕ್ತೀಯಾ? ನನ್ನ ಹೆಸರು ಕೆಟ್ರೆ ನಿನ್ನ ಚಕ್ರ ತಿರುಗುತ್ತೆ ಅಂತಾನಾ?"

ಚಕ್ರದವನು ಮೋಟಾರು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದ. "ಯಾವ ಡಬ್ಬಿ ಅಕ್ಕಾ?"

"ಪಾಪ, ಡಬ್ಬಿ ಅಂದ್ರೇನು ಅಂತಾನೇ ಗೊತ್ತಿಲ್ಲ ಮಗುವಿಗೆ!"

ಬೀದಿಯಲ್ಲಿ ಹತ್ತು ಜನ ನಿಂತರು. ಅವನು ಏನು ಹೇಳಿದರೂ ಅವಳ ದನಿ ಅದರ ಮೇಲಿತ್ತು. ಕಡೆಗೆ ಅವನು ಮೋಟಾರು ಹಾಕಿಬಿಟ್ಟ. ಆ ಗದ್ದಲದಲ್ಲಿ ಅವಳ ಬೈಗುಳ ಅವಳಿಗೇ ಕೇಳಿಸದೆ ವಾಪಸ್ ಬಂದಳು.

ಆದರೆ ಬೈದ ಮಾತ್ರಕ್ಕೆ ಕಳ್ಳ ಸಿಕ್ಕಂತಾಗಲಿಲ್ಲ. ಶನಿವಾರ ಯಜಮಾನನ ಮುಂದೆ ಇಡಲು ಒಂದು ರುಜುವಾತು ಬೇಕು. ಗುರುವಾರ ಬೆಳಿಗ್ಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ಕಲ್ಲು ಎಲ್ಲಿ ತಾಗುತ್ತಿದೆ, ಎಲ್ಲಿ ತಾಗುತ್ತಿಲ್ಲ ಅಂತ ತಿಳಿಯಲು ಮಸೆಯುವವರು ಅಂಚಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದುಕೊಳ್ಳುವುದುಂಟು. ಎಳೆದ ಮೇಲೆ ಶಾಯಿ ಹೋದಲ್ಲಿ ಕಲ್ಲು ತಾಗಿದೆ, ಉಳಿದಲ್ಲಿ ತಾಗಿಲ್ಲ. ಅವಳು ಮೂಲೆ ಕ್ಷೌರದಂಗಡಿಯವನ ಒಂದು ಮಾಮೂಲಿ ಕತ್ತಿಯನ್ನು ಮಸೆದು ಮುಗಿಸಿ, ಟೇಪು ಕಿತ್ತು, ಬೆನ್ನಿಗೂ ಅಂಚಿಗೂ ಎರಡೂ ಮಗ್ಗುಲಿಗೆ ಕಪ್ಪು ಶಾಯಿ ಬಳಿದು, ಒಣಗಿಸಿ, ಮಡಚಿ ಡಬ್ಬಿಗೆ ಹಾಕಿದಳು. ಎಂದಿನ ಹಾಗೆ ಚೀಲ ಹಿಡಿದು ಹೊರಟಳು.

ಬಂದು ನೋಡಿದರೆ ಶಾಯಿ ಹಾಗೇ ಇತ್ತು. ಚಕ್ರದವನು ಅವತ್ತು ಈ ಕಡೆ ಸುಳಿದಿರಲಿಲ್ಲ. "ಸಿಕ್ಕಿದ ಕಳ್ಳ!" ಅಂತ ಮನಸ್ಸಿನಲ್ಲೇ ಕೈ ತಟ್ಟಿದಳು. ಅವತ್ತು ಮಾವನಿಗೆ ಮೈ ಬೆಚ್ಚಗಾಗಿ ಬೆಳಗಿನಿಂದ ಹಾಸಿಗೆ ಬಿಟ್ಟೆದ್ದಿರಲಿಲ್ಲ ಅನ್ನುವುದು ಅವಳಿಗೆ ಆಗ ತಲೆಗೆ ಬರಲಿಲ್ಲ. ಬರುವುದಾದರೂ ಹೇಗೆ? ಅನುಮಾನ ಅನ್ನುವುದು ಕುದುರೆಗೆ ಕಟ್ಟುವ ಕಣ್ಣುಪಟ್ಟಿ. ಎದುರಿಗಿರುವುದು ಮಾತ್ರ ಕಾಣುತ್ತದೆ.

ಶುಕ್ರವಾರ ಮಾವ ಎದ್ದು ಗಂಜಿ ಕುಡಿದು ಕಿಟಕಿ ಹತ್ತಿರ ಕೂತರು. ಅವಳು ಅದೇ ಕತ್ತಿಯನ್ನು ಶಾಯಿ ಸಮೇತ ಡಬ್ಬಿಯಲ್ಲೇ ಬಿಟ್ಟು ಚೀಲ ಹಿಡಿದು ಹೊರಟಳು. ಎರಡು ಬೀದಿ ದಾಟುವಷ್ಟರಲ್ಲಿ ನೆನಪಾಯಿತು, ಕೊಡಬೇಕಾದ ಎರಡು ಕತ್ತಿ ಮನೆಯಲ್ಲೇ ಬಿಟ್ಟುಬಂದಿದ್ದಳು. ತನ್ನನ್ನೇ ಬೈದುಕೊಂಡು ಹಿಂದಿರುಗಿದಳು.

ಬಾಗಿಲು ತಲುಪುವ ಮೊದಲೇ ಸದ್ದು ಕೇಳಿಸಿತು. ನೀರು ಹಾಕಿದ ಕಲ್ಲಿನ ಮೇಲೆ ಉಕ್ಕು ಸರಿಯುವ ಸದ್ದು. ಹೋಗುವಾಗ ಸ್ಸ್, ಬರುವಾಗ ಸ್ಸ್. ಆ ಸದ್ದನ್ನು ಅವಳು ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದಳು. ಕಿಟಕಿಯಿಂದ ಇಣುಕಿದಳು.

ಮಾವ ಅವಳ ಮಣೆಯ ಮೇಲೆ ಕೂತಿದ್ದರು. ಕಣ್ಣು ಮುಚ್ಚಿತ್ತು. ಬೆರಳು ನಡುಗುತ್ತಿದ್ದವು, ಆದರೆ ಕತ್ತಿ ಕಲ್ಲಿಗೆ ಮಲಗಿದ ಕೂಡಲೇ ನಡುಕ ನಿಂತುಹೋಗುತ್ತಿತ್ತು. ಪಕ್ಕದಲ್ಲಿ ಅವಳ ಡಬ್ಬಿ ಬಾಯಿ ತೆರೆದಿತ್ತು. ಬೆನ್ನಿಗೆ ಟೇಪಿರಲಿಲ್ಲ.

"ಮಾವ!"

ಮುದುಕ ಬೆಚ್ಚಲಿಲ್ಲ. ಎಣಿಕೆ ಮುಗಿಸುವವರ ಹಾಗೆ ಇನ್ನೂ ಎರಡು ಎಳೆತ ಎಳೆದು, ಕತ್ತಿ ಒರೆಸಿ, ಮಡಚಿದರು.

"ಎಷ್ಟು ದಿನದಿಂದ ಇದು?" ಅಂತ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ನೀನು ಆ ಅಂಟು ಪಟ್ಟಿ ತಂದ ದಿನದಿಂದ."

"ನಾಲ್ಕು ವರ್ಷ ನನ್ನ ಬೆನ್ನ ಹಿಂದೆ..."

"ನಿನ್ನ ಬೆನ್ನ ಹಿಂದೆ ನಿಂತು ಕಾಪಾಡ್ದೆ ಕಣಮ್ಮಾ. ಟೇಪು ಹಾಕಿ ಮಸೆದ ಕತ್ತಿ ಎಲ್ಲಾದ್ರೂ ಹೆರೆಯುತ್ತಾ? ಜನ ಉಗೀಬಾರದು ಅಂತ ದಿನಾ ಒಂದೊಂದಕ್ಕೂ ಇಪ್ಪತ್ತು ಎಳೆತ ನಾನು ಎಳೀತಿದ್ದೆ. ಮಸೆಯೋ ಅಕ್ಕನ ಕತ್ತಿ ಬೆಣ್ಣೆ ಹಾಗೆ ಹೋಗುತ್ತೆ ಅಂತಾರಲ್ಲ ಬೀದಿಯವರು, ಆ ಬೆಣ್ಣೆ ಕಡೆದವನು ನಾನು."

ಮಾವ ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಮಣೆಯ ಮೇಲೆ ಕುಸಿದಳು. ಮಾವ ಕೆಡಿಸಿದ್ದು ಬೆನ್ನು ಮಾತ್ರವಾಗಿದ್ದರೆ ಬೈದು ಮುಗಿಸಬಹುದಿತ್ತು. ಈಗ ಅವಳ ಅನುಮಾನ ತಿರುಗಿ ಅವಳನ್ನೇ ಕಚ್ಚಿತು. ನಾಲ್ಕು ವರ್ಷ ಸಲೂನಿನವರು ಹೊಗಳಿದ ಅಂಚು ಯಾರದು? ಯಜಮಾನ ಒಮ್ಮೆ ಮುಂಗೈ ಕೂದಲು ಹೆರೆದ ಜಾಗ ತೋರಿಸಿ, "ಮುಟ್ಟಿದ್ದೇ ಗೊತ್ತಾಗಲಿಲ್ಲ" ಅಂದಿದ್ದನಲ್ಲ, ಅದು ಯಾರ ಕೈ? ಡಬ್ಬಿಯಲ್ಲಿದ್ದ ಒಂದೊಂದು ಕತ್ತಿಯೂ ಅವಳಿಗೆ ಅಪರಿಚಿತವಾಗಿ ಕಂಡಿತು. ಈ ಹಳೆಯ ಕತ್ತಿಗಳ ಬೆನ್ನೆಲ್ಲ ಹಿಂದಿನ ಕಾಲದಿಂದಲೇ ಸವೆದು ಮಂಡಿ ಸವೆದ ಪ್ಯಾಂಟಿನ ಹಾಗಾಗಿತ್ತು. ಅದರ ಮೇಲೆ ಇನ್ನಷ್ಟು ಸವೆದರೆ ಕಾಣುವುದೆಲ್ಲಿ? ಚಿನ್ನದ ಬಳ್ಳಿ ಇದ್ದದ್ದರಿಂದ ಕಂಡಿತು, ಅಷ್ಟೇ.

ಗಂಡ ಬಂದಾಗ ಅವಳು ಹಾಗೇ ಕೂತಿದ್ದಳು.

"ನಿಮಗೆ ಗೊತ್ತಿತ್ತಾ?"

ಅವನು ಮತ್ತೆ ಗೋಡೆ ನೋಡಿದ. "ಒಂದ್ಸಲ ನೋಡಿದ್ದೆ. ಕೈ ಸುಮ್ಮನಿರಲ್ಲ, ಏನೋ ಸಮಾಧಾನಕ್ಕೆ ಎಳೀತಾರೆ, ಎಳೀಲಿ ಅಂದ್ಕೊಂಡೆ. ನಿನಗೆ ಹೇಳಿದ್ರೆ ಮನೆ ಹೊತ್ತಿ ಉರಿಯುತ್ತೆ ಅಂತ..."

"ಈಗ ತಣ್ಣಗಿದೆಯಾ?"

ಅವಳು ಏನಾದರೂ ಎಸೆಯುತ್ತಾಳೆ ಅಂತ ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಎಸೆಯಲಿಲ್ಲ. ಆ ಕತ್ತಿಯ ಶಾಯಿಯನ್ನಾದರೂ ಒರೆಸಿ ಮೂಲೆ ಅಂಗಡಿಯವನಿಗೆ ಕೊಡಬೇಕಲ್ಲ ಅಂತ ಬಟ್ಟೆ ತಗೊಂಡು ಕಿಟಕಿ ಬೆಳಕಿಗೆ ಬಂದಳು. ಕತ್ತಿ ಬಿಚ್ಚಿದಳು. ಬಟ್ಟೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

ಬೆನ್ನಿನ ಶಾಯಿ ಪೂರ್ತಿ ಹೋಗಿತ್ತು. ಅಂಚಿಗೆ ಬಳಿದ ಪಟ್ಟಿಯಲ್ಲೂ ಬೆನ್ನಿನ ಕಡೆಯ ಅರ್ಧ ಹೋಗಿತ್ತು. ಆದರೆ ತುತ್ತತುದಿಯಲ್ಲಿ, ಕೂದಲನ್ನು ಕತ್ತರಿಸುವ ಜಾಗದಲ್ಲೇ, ಹಿಡಿಯ ಕಡೆಯ ಹಿಮ್ಮಡಿಯಿಂದ ಮುಂತುದಿಯ ಮೂಗಿನವರೆಗೆ ಸಣ್ಣಗೆ ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ ಹಾಗೇ ಉಳಿದಿತ್ತು. ತಿರುಗಿಸಿದಳು. ಇನ್ನೊಂದು ಮಗ್ಗುಲಲ್ಲೂ ಅದೇ ಗೆರೆ.

ಕಲ್ಲು ಅಂಚಿನ ತುದಿಗೆ ತಾಗಿಯೇ ಇರಲಿಲ್ಲ.

ಯಾಕೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಟೇಪು ಹಾಕಿದಾಗ ಬೆನ್ನು ಒಂದು ಪದರ ಮೇಲಕ್ಕೆ ಏಳುತ್ತದೆ; ಕತ್ತಿ ಅಷ್ಟು ಕಡಿದಾಗಿ ಕಲ್ಲಿಗೆ ಕೂರುತ್ತದೆ; ಅಂಚು ಆ ಓರೆಗೇ ಮಸೆದುಕೊಳ್ಳುತ್ತದೆ. ಆಮೇಲೆ ಟೇಪು ತೆಗೆದು ಎಳೆದರೆ ಬೆನ್ನು ಕೆಳಗಿಳಿಯುತ್ತದೆ, ಅಂಚಿನ ತುದಿ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಇಪ್ಪತ್ತಲ್ಲ, ಇನ್ನೂರು ಎಳೆದರೂ ಸವೆಯುವುದು ಬೆನ್ನು. ನಾಲ್ಕು ವರ್ಷ ಮಾವನ ಕೈ ಅಂಚನ್ನು ಮುಟ್ಟಿಯೇ ಇರಲಿಲ್ಲ. ಬೆಣ್ಣೆ ಅವಳದ್ದೇ.

ಅವಳಿಗೆ ಮೊದಲು ಬಂದದ್ದು ನಗು. ಅದರ ಹಿಂದೆಯೇ ಸಿಟ್ಟು. ಕತ್ತಿ ಹಿಡಿದು ಒಳಕೋಣೆಯ ಕಡೆ ನಡೆದಳು. ಗಂಡ ಅಡ್ಡ ಬಂದ. ಅವನಿಗೂ ಆ ಗೆರೆ ಅರ್ಥವಾಗಿತ್ತು. ಎಷ್ಟಾದರೂ ಆ ಮನೆಯ ಮಗ.

"ಹೇಳಬೇಡ್ವೇ. ನಿನಗೆ ಗೊತ್ತಾಯ್ತಲ್ಲ, ಸಾಕು. ಇನ್ನೂ ಕೆಲಸಕ್ಕೆ ಬರ್ತೀನಿ ಅನ್ನೋ ಒಂದೇ ನಂಬಿಕೆ ಮೇಲೆ ಅಪ್ಪ ಬದುಕಿದ್ದಾರೆ."

"ಆ ನಂಬಿಕೆಗೆ ಊರವರ ಕತ್ತಿ ಬೆನ್ನು ಯಾಕ್ರೀ ಸವೀಬೇಕು? ನಾನು ಸುಮ್ಮನಿದ್ರೆ ಸೋಮವಾರ ಮತ್ತೆ ಕೂರ್ತಾರೆ. ನೀವು ಸುಮ್ಮನಿದ್ದಿದ್ದಕ್ಕೇ ಇಲ್ಲಿಗೆ ಬಂದಿರೋದು. ಸರೀರಿ ಆ ಕಡೆ."

ಆದರೆ ಮಾವನ ಮುಂದೆ ನಿಂತಾಗ ಬೈಗುಳ ಬರಲಿಲ್ಲ. ಕತ್ತಿಯನ್ನೂ ಅವರದೇ ಹಳೆಯ ಭೂತಗನ್ನಡಿಯನ್ನೂ ಕೈಗೆ ಕೊಟ್ಟು, ಅವರನ್ನು ತೋಳು ಹಿಡಿದು ಬಿಸಿಲಿಗೆ ತಂದು ಕೂರಿಸಿದಳು.

"ಶಾಯಿ ಬಳಿದಿದ್ದೆ ಮಾವ. ಬೆನ್ನಿಗೂ, ಅಂಚಿಗೂ. ನೀವು ಎಳೆದ ಮೇಲೆ ಒರೆಸಿಲ್ಲ. ನೋಡಿ."

ಮುದುಕ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಕತ್ತಿಯನ್ನು ಹತ್ತಿರ ತಂದರು, ದೂರ ಹಿಡಿದರು, ತಿರುಗಿಸಿದರು. ತುಂಬಾ ಹೊತ್ತು ನೋಡಿದರು. ಐವತ್ತು ವರ್ಷ ಕಲ್ಲಿನ ಮುಂದೆ ಕೂತವರಿಗೆ ಆ ಗೆರೆ ಓದಲು ಬರುವುದಿಲ್ಲವೇ?

"ನಾಲ್ಕು ವರ್ಷ?"

"ನಾಲ್ಕು ವರ್ಷ."

"ಒಂದು ದಿನವೂ ತಾಗಿಲ್ಲವಾ?"

"ನೀವೇ ಹೇಳಿ."

ಅವರು ಭೂತಗನ್ನಡಿ ಕೆಳಗಿಟ್ಟರು.

"ಟೇಪು ಹಾಕಿದ್ರೆ ಓರೆ ಬದಲಾಗುತ್ತೆ ಅಂತ ಅವತ್ತೇ ಬಿಡಿಸಿ ಹೇಳೋಕೆ ನಿನಗೇನಾಗಿತ್ತು ದಾಡಿ?" ಅಂತ ಇದ್ದಕ್ಕಿದ್ದಂತೆ ಗುಡುಗಿದರು.

"ಕೇಳೋಕೆ ನಿಮಗೇನಾಗಿತ್ತು? ನೀವು ಸಂಸಾರದ ಉಪಮೆ ಕೊಡ್ತಾ ಕೂತ್ರಿ!"

ಕತ್ತಿ ಮಡಚಿ ಅವಳ ಕೈಗಿಟ್ಟು ಮುದುಕ ಮೆಲ್ಲಗೆ ಕೇಳಿದರು. "ಆ ಎಲೆಬಳ್ಳಿ... ಪೂರ್ತಿ ಹೋಯ್ತಾ?"

"ನಡುವಿನದು ಹೋಯ್ತು."

"ನನ್ನ ಕಣ್ಣಿಗೆ ಅದು ಕಾಣಲಿಲ್ಲ ಕಣಮ್ಮಾ. ಬೆರಳಿಗೂ ಸಿಗಲಿಲ್ಲ."

ಶನಿವಾರ ಮಧ್ಯಾಹ್ನ ಅವಳು ಮೊದಲು ಬೀದಿ ದಾಟಿ ಚಕ್ರದವನ ಮುಂದೆ ನಿಂತಳು. ಕ್ಷಮೆ ಕೇಳುವುದು ಅವಳಿಗೆ ಹಲ್ಲು ಕೀಳಿಸಿಕೊಂಡ ಹಾಗೆ. "ನೀನಲ್ಲ. ತಪ್ಪಾಯ್ತು," ಅಂದಳು.

"ಅಯ್ಯೋ ಬಿಡಿ ಅಕ್ಕಾ. ನೀವು ಬೈದಿದ್ದು ನೋಡೋಕೆ ನಿಂತವರಲ್ಲಿ ನಾಲ್ಕು ಜನ ಕತ್ತರಿ ಕೊಟ್ಟು ಹೋದ್ರು. ತಿಂಗಳಿಗೊಂದ್ಸಲ ಬಂದು ಬೈದು ಹೋಗಿ."

ಸಲೂನಿಗೆ ತಾನೊಬ್ಬಳೇ ಹೋಗುವುದೆಂದು ಹೊರಟಿದ್ದಳು. ಮಾವ ಕೋಲು ಹಿಡಿದು ಹಿಂದೆಯೇ ಬಂದರು. ಬೇಡ ಅಂದರೂ ಕೇಳಲಿಲ್ಲ. ಅವರನ್ನು ಕಂಡು ಯಜಮಾನ ಎದ್ದು ನಿಂತ. ಮುದುಕ ಕೂರಲಿಲ್ಲ.

"ನಿನ್ನ ಕತ್ತಿ ಬೆನ್ನು ಕೆಡಿಸಿದವನು ನಾನಪ್ಪಾ. ಇವಳು ಮಸೆದಿಟ್ಟು ಹೋದ ಮೇಲೆ ಕದ್ದು ಎಳೆದೆ. ಬೆನ್ನಿನದ್ದು ನನಗೆ ಬೈ. ಅಂಚು ಮಾತ್ರ ಇವಳದ್ದು. ಅದಕ್ಕೆ ನನ್ನ ಕೈ ತಾಗಿಲ್ಲ. ಬೇಕಾದ್ರೆ ಪರೀಕ್ಷೆ ಮಾಡು."

ಯಜಮಾನ ಆ ಬಳ್ಳಿ ಕತ್ತಿ ತಗೊಂಡು, ಚರ್ಮದ ಪಟ್ಟಿಗೆ ನಾಲ್ಕು ಸಲ ಎಳೆದು, ಕನ್ನಡಿ ಮುಂದೆ ನಿಂತು ತನ್ನ ಒಂದು ಗಲ್ಲಕ್ಕೆ ಸೋಪು ಹಚ್ಚಿಕೊಂಡ. ಅವಳು ಅವನ ಕೈಯನ್ನಲ್ಲ, ಮುಖವನ್ನು ನೋಡುತ್ತಿದ್ದಳು. ಸುಳ್ಳು ಹೇಳುವುದಾದರೆ ಮುಖವೇ ಮೊದಲು ಹೇಳುತ್ತದೆ. ಕಿವಿಯಿಂದ ಗದ್ದದವರೆಗೆ ಒಂದೇ ಎಳೆತ. ನಿಂತ. ಬೆರಳು ಸವರಿದ. ಮತ್ತೊಂದು ಎಳೆತ. ಹುಬ್ಬು ಏರಿತು, ಇಳಿಸಿಕೊಳ್ಳಲು ನೋಡಿದ, ಆಗಲಿಲ್ಲ.

"ಅಂಚಿನ ಮಾತು ನಾನು ಯಾವತ್ತು ಆಡಿದ್ದೆ?" ಅಂತ ಗೊಣಗಿದ. "ಬಳ್ಳಿ ಹೋಯ್ತಲ್ಲ ಅಂತ ನನ್ನ ಹೊಟ್ಟೆಯುರಿ."

"ಉರಿಯಲಿ. ಉರಿಯೋದು ನ್ಯಾಯವೇ," ಅಂದಳು ಅವಳು. "ಬಿಚ್ಚಿ ನೋಡದೆ ಕಳಿಸಿದ್ದು ನನ್ನ ತಪ್ಪು. ಅದನ್ನೂ ಸೇರಿಸಿ ಬೈಯಿರಿ."

ಅವನು ಬೈಯಲಿಲ್ಲ. ಒಂದೇ ಗಲ್ಲ ಹೆರೆದುಕೊಂಡ ಮುಖದಲ್ಲೇ ಒಳಗೆ ಹೋಗಿ ವಾರದ ಕತ್ತಿಗಳ ಕಟ್ಟು ತಂದು ಮೇಜಿನ ಮೇಲಿಟ್ಟ. "ತಗೊಂಡು ಹೋಗು. ಆದ್ರೆ ಇನ್ನು ಮೇಲೆ ಆ ಡಬ್ಬಿಗೆ ಬೀಗ ಹಾಕು."

ಅವಳ ಮೂಗಿನ ತುದಿ ಕೆಂಪಾಯಿತು. "ನಮ್ಮ ಮನೇಲಿ ಬೀಗ ಹಾಕಿಕೊಂಡು ಬದುಕೋ ಗತಿ ಬಂದಿಲ್ಲ..."

"ಹಾಕು," ಅಂದರು ಮಾವ.

ಅವಳು ತಿರುಗಿದಳು. ಮುದುಕ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು, ಕಟ್ಟು ಬಿಚ್ಚಿಕೊಂಡು ಹೋಗುವ ಕರುವನ್ನು ಹಿಡಿದ ಹಾಗೆ.

"ನನಗೆ ಬುದ್ಧಿ ಬಂದಿದೆ. ಇದಕ್ಕೆ ಬಂದಿದೆ ಅಂತ ನಾನು ಹೇಳಲಾರೆ. ಬೀಗ ಹಾಕು. ಕೀಲಿಕೈ ನಿನ್ನ ಹತ್ರಾನೇ ಇರಲಿ. ಎಲ್ಲಿಟ್ಟಿದ್ದೀಯ ಅಂತ ನನಗೂ ಹೇಳಬೇಡ, ನಿನ್ನ ಗಂಡನಿಗೂ ಹೇಳಬೇಡ."

ಮೂರನೇ ಕುರ್ಚಿಯ ಹಿಂದಿನಿಂದ ಗಂಡ, "ನಾನೇನು ಮಾಡ್ದೆ?" ಅಂದ.

"ಎಂದಿನ ಹಾಗೆ ನೀನು ಗೋಡೆ ನೋಡಿದೆ," ಅಂದರು ಅಪ್ಪ.

ಅವಳು ಕತ್ತಿಗಳ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಮಾವನ ಮೊಣಕೈ ಹಿಡಿದು ಮೆಟ್ಟಿಲಿಳಿದಳು. ಹಾರ್ಡ್‌ವೇರ್ ಅಂಗಡಿ ಮೂಲೆಯಲ್ಲೇ ಇತ್ತು. ಮಾವನನ್ನು ಹೊರಗಿನ ಕಲ್ಲಿನ ಮೇಲೆ ಕೂರಿಸಿ ಒಳಗೆ ಹೋದಳು. ಅಂಗಡಿಯವನು ಎಷ್ಟು ದೊಡ್ಡ ಬೀಗ ಬೇಕು ಅಂತ ಕೇಳಿದ. ಅವಳು ಒಮ್ಮೆ ಹೊರಗೆ ಕೂತಿದ್ದ ಮಾವನ ಕಡೆ ನೋಡಿ, "ಚಿಕ್ಕದು ಸಾಕು," ಅಂದಳು.